ಬಿರುಗಾಳಿ, ಸುರಂಗ, ಹತ್ತು ತಂಡ: ಫೆರೋ ದ್ವೀಪಗಳಲ್ಲಿ ಫುಟ್‌ಬಾಲ್ ನೋಡಿದ್ದು

ಗುರುವಾರ

ಮೊದಲು ವೀಸಾ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಹೋಗಬೇಕು ಅಂದುಕೊಂಡವರು ಎಡವುವುದು ಅಲ್ಲೇ. ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳು ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ್ದರೂ ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿಲ್ಲ. ಮಾಮೂಲಿ ಷೆಂಗೆನ್ ವೀಸಾ ಇದ್ದರೆ ಸಾಲದು. ಫೆರೋಗೂ ಸಲ್ಲುತ್ತದೆ ಎಂದು ವೀಸಾದ ಮೇಲೆ ಬೇರೆಯಾಗಿ ಬರೆದಿರಬೇಕು. ಡೆನ್ಮಾರ್ಕಿಗೆ ಅರ್ಜಿ ಹಾಕುವಾಗಲೇ ಕೇಳಿಕೊಳ್ಳಿ, ಆಮೇಲೆ ಒದ್ದಾಡುವುದು ಬೇಡ.

ಭಾವ ಕೋಪನ್‌ಹೇಗನ್‌ನಲ್ಲಿದ್ದಾರೆ. ಅಕ್ಕ ಇಬ್ಬರಿಗೂ ಕೈ ಮುಗಿದು, "ಫುಟ್‌ಬಾಲ್ ನೋಡೋಕೆ ನಾನ್ ಬರಲ್ಲ, ನೀವಿಬ್ರೇ ಹೋಗಿ ಬನ್ನಿ" ಅಂದಳು. ಅಲ್ಲಿಂದ ವಾಗಾರ್ ದ್ವೀಪಕ್ಕೆ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಇಳಿಯುವಾಗ ಮೋಡದೊಳಗಿಂದ ಏಕ್‌ದಂ ಒಂದು ಹಸಿರು ಗುಡ್ಡ ಕಿಟಕಿ ಪಕ್ಕಕ್ಕೇ ಬಂತು. ಭಾವ ಸೀಟಿನ ಕೈ ಬಿಗಿಯಾಗಿ ಹಿಡಿದುಕೊಂಡರು. ಪಕ್ಕದಲ್ಲಿದ್ದ ಸ್ಥಳೀಯ ಹೆಂಗಸು ಮಾತ್ರ ಹೆಣಿಗೆ ನಿಲ್ಲಿಸಲೇ ಇಲ್ಲ.

ಈ ವಿಮಾನ ನಿಲ್ದಾಣ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಕಟ್ಟಿದ್ದು. ಇಲ್ಲಿನ ಲೀಗ್ ಶುರುವಾಗಿದ್ದೂ ಅದೇ ಯುದ್ಧದ ನಡುವೆ, 1942ರಲ್ಲಿ. ಮೊದಲ ಚಾಂಪಿಯನ್ ಕ್ಲಾಕ್ಸ್‌ವೀಕ್ ಊರಿನ ಕೆಐ. 1944ರಲ್ಲಿ ಲೀಗ್ ನಡೆಯಲಿಲ್ಲ. ಬಾಂಬು ಬಿದ್ದಿದ್ದಕ್ಕಲ್ಲ, ಆಡೋಕೆ ಚೆಂಡೇ ಸಿಗಲಿಲ್ಲ ಅಂತ! ಯುದ್ಧದ ಕಾಲದ ಅಭಾವದ ಕಥೆಗಳಲ್ಲಿ ನನಗೆ ಇದೇ ಇಷ್ಟ.

ಬಾಡಿಗೆ ಕಾರು ತಗೊಂಡು ರಾಜಧಾನಿ ತೋರ್ಸ್‌ಹಾವ್ನ್ ಕಡೆ ಹೊರಟೆವು. ದಾರಿಯಲ್ಲಿ ಸಂದಾವಾಗುರ್ ಅಂತ ಒಂದು ಚಿಕ್ಕ ಊರು, ಕೆಂಪು ಮಾಡಿನ ಚರ್ಚು, ಒಂದಿಷ್ಟು ಮನೆ, ಬೇಲಿ ದಾಟಿ ನಿಂತ ಕುರಿಗಳು. ಕಾರು ನಿಲ್ಲಿಸಿ ಅಂದೆ. ತೋರ್ಕಿಲ್ ನೀಲ್ಸನ್ ಊರು ಇದು. 1990ರ ಸೆಪ್ಟೆಂಬರ್ 12ರಂದು ಫೆರೋ ತನ್ನ ಮೊಟ್ಟಮೊದಲ ಯುರೋ (ಯುರೋಪಿನ ದೇಶಗಳ ಚಾಂಪಿಯನ್‌ಷಿಪ್) ಅರ್ಹತಾ ಪಂದ್ಯ ಆಡಿತು, ಆಸ್ಟ್ರಿಯಾ ವಿರುದ್ಧ. ಆಸ್ಟ್ರಿಯಾ ಆ ವರ್ಷ ವಿಶ್ವಕಪ್ ಆಡಿ ಬಂದ ತಂಡ. ಪಂದ್ಯ ನಡೆದದ್ದು ಸ್ವೀಡನ್ನಿನ ಲಾಂಡ್ಸ್‌ಕ್ರೋನಾದಲ್ಲಿ, ಯಾಕೆಂದರೆ ಇವರ ದೇಶದಲ್ಲಿ ಆಗ ಹುಲ್ಲಿನ ಮೈದಾನ ಒಂದೂ ಇರಲಿಲ್ಲ. ಫೆರೋ 1-0ಯಿಂದ ಗೆದ್ದಿತು. ಗೋಲು ಹೊಡೆದ ತೋರ್ಕಿಲ್ ಮರದ ವ್ಯಾಪಾರದ ಕೆಲಸದಲ್ಲಿದ್ದವರು, ಜೊತೆಗೆ ಒಳ್ಳೆಯ ಚೆಸ್ ಆಟಗಾರ. ಗೋಲ್‌ಕೀಪರ್ ಯೆನ್ಸ್ ಮಾರ್ಟಿನ್ ಕ್ನುದ್ಸನ್ ಕುಚ್ಚು ಇರುವ ಉಣ್ಣೆ ಟೋಪಿ ಹಾಕಿಕೊಂಡು ಆಡಿದರು.

ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಬಿಟ್ಟೆ. ಆದರೆ ಮುಂದಿನ ದಿನಗಳಲ್ಲಿ ಓಡಾಡುತ್ತಾ ಹೋದ ಹಾಗೆ ಒಂದು ಅನುಮಾನ ಬಂತು. ಟೋಪಿ ಹಾಕಿದ ಕೀಪರ್, ಬಡಗಿ, ಮೇಷ್ಟ್ರು, ಮೀನುಗಾರ ಆಟಗಾರರು ಎಂದು ನಾವು ಹೊರಗಿನವರು ಚಪ್ಪಾಳೆ ಹೊಡೆಯುತ್ತಾ ಕೂತಿದ್ದೇವೆ, ಅಷ್ಟರಲ್ಲಿ ಇವರು ಸುಮ್ನೆ ತಮ್ಮ ಕೆಲಸ ಮಾಡಿಕೊಂಡು ಮುಂದೆ ಹೋಗಿದ್ದಾರೆ.

ಶುಕ್ರವಾರ

ಇಡೀ ದೇಶದ ಜನಸಂಖ್ಯೆ ಸುಮಾರು 54,000. ನಮ್ಮ ಕಂಠೀರವ ಕ್ರೀಡಾಂಗಣ ಎರಡು ಸಲ ತುಂಬಿದರೆ ಹೆಚ್ಚುಕಡಿಮೆ ದೇಶವೇ ಮುಗಿಯಿತು. ಅದರಲ್ಲಿ ಮೇಲಿನ ಲೀಗಿನಲ್ಲಿ ಹತ್ತು ತಂಡ, ಕೆಳಗೆ ಇನ್ನೂ ಹಂತಗಳು. ಪ್ರತಿ ತಂಡವೂ ಉಳಿದ ಒಂಬತ್ತು ತಂಡಗಳ ಜೊತೆ ಮೂರು ಮೂರು ಸಲ ಆಡಬೇಕು, ಒಟ್ಟು 27 ಪಂದ್ಯ. ಮಾರ್ಚ್‌ನಲ್ಲಿ ಶುರುವಾದರೆ ಅಕ್ಟೋಬರ್‌ಗೆ ಮುಗಿಯುತ್ತದೆ. ಚಳಿಗಾಲದಲ್ಲಿ ಆಡೋಕೆ ಹಿಮ ಅಷ್ಟು ದೊಡ್ಡ ತೊಂದರೆಯಲ್ಲ, ಕತ್ತಲು ಮತ್ತು ಬಿರುಗಾಳಿ ತೊಂದರೆ.

ತೋರ್ಸ್‌ಹಾವ್ನ್‌ನಲ್ಲಿ ಗುಂದಾದಾಲುರ್ ಎಂಬ ಜಾಗಕ್ಕೆ ಹೋದೆವು. ರಾಜಧಾನಿಯ ಎರಡು ದೊಡ್ಡ ತಂಡಗಳು ಎಚ್‌ಬಿ ಮತ್ತು ಬಿ36. ಎಚ್‌ಬಿ 1904ರದ್ದು, ಕೆಂಪು ಕಪ್ಪು ಅಂಗಿ, 24 ಸಲ ಲೀಗ್ ಗೆದ್ದಿದೆ, ಅಷ್ಟು ಇನ್ಯಾರೂ ಗೆದ್ದಿಲ್ಲ. ಬಿ36 ಹೆಸರಲ್ಲೇ ಇದೆ, 1936ರದ್ದು, ಬಿಳಿ ಕಪ್ಪು. ಇಬ್ಬರಿಗೂ ಮನೆ ಮೈದಾನ ಒಂದೇ! ಡರ್ಬಿ ಪಂದ್ಯದಲ್ಲಿ ಅತಿಥಿ ತಂಡ ಅನ್ನಿಸಿಕೊಂಡವರೂ ತಮ್ಮ ಮನೆಯಲ್ಲೇ ಇರುತ್ತಾರೆ. ಪಕ್ಕದಲ್ಲೇ ತೋರ್ಸ್‌ವೊಲ್ಲುರ್, ರಾಷ್ಟ್ರೀಯ ಕ್ರೀಡಾಂಗಣ.

ಆ ದಿನ ಪಂದ್ಯ ಇರಲಿಲ್ಲ, ಮಕ್ಕಳ ಅಭ್ಯಾಸ ನಡೀತಿತ್ತು. ಏಳೆಂಟು ವರ್ಷದ ಹುಡುಗರು ಹುಡುಗಿಯರು ಒಟ್ಟಿಗೆ. ಮಳೆ ಅಂದರೆ ನಮ್ಮ ಮಲೆನಾಡಿನ ಥರ ಮೇಲಿಂದ ಸುರಿಯುವುದಲ್ಲ, ಪಕ್ಕದಿಂದ ಬರುತ್ತದೆ. ಕೊಡೆ ಹಿಡಿದವರು ಒಬ್ಬರೂ ಕಾಣಲಿಲ್ಲ, ಹಿಡಿದರೆ ಉಳಿಯುವುದೂ ಇಲ್ಲ. ಒಬ್ಬಳು ಪುಟಾಣಿ ಹುಡುಗಿ ಚೆಂಡು ಇಟ್ಟು ಎರಡು ಹೆಜ್ಜೆ ಹಿಂದೆ ಹೋಗುವಷ್ಟರಲ್ಲಿ ಗಾಳಿಗೆ ಚೆಂಡು ಉರುಳಿತು. ಅವಳು ಗೊಣಗಲಿಲ್ಲ. ಮತ್ತೆ ಇಟ್ಟಳು, ಈ ಸಲ ಒಂದೇ ಹೆಜ್ಜೆ ಹಿಂದೆ ಹೋಗಿ, ಚೆಂಡು ಅಲುಗಾಡುವ ಮೊದಲೇ ಒದ್ದಳು. ತರಬೇತುದಾರ ತಲೆಯಾಡಿಸಿದರು, ಅಷ್ಟೇ. ಗೋಲಿನ ಹಿಂದೆ ಅಪ್ಪಂದಿರು ಚೆಂಡು ಹೆಕ್ಕಿಕೊಡುತ್ತಾ ನಿಂತಿದ್ದರು.

ನಾನು ನೋಡುತ್ತಿದ್ದದ್ದು ನೆಲವನ್ನು. 1990ರಲ್ಲಿ ಒಂದು ಹುಲ್ಲಿನ ಮೈದಾನಕ್ಕೆ ಗತಿಯಿಲ್ಲದೆ ಸ್ವೀಡನ್ನಿಗೆ ಹೋದ ದೇಶದಲ್ಲಿ ಈಗ ಸಣ್ಣ ಸಣ್ಣ ಊರಲ್ಲೂ ಕೃತಕ ಹುಲ್ಲು, ದೀಪದ ಕಂಬ, ಬಟ್ಟೆ ಬದಲಿಸುವ ಕೋಣೆ. ಎಷ್ಟು ಮಳೆ ಬಂದರೂ ನೀರು ನಿಲ್ಲುವುದಿಲ್ಲ, ಹಾಗಾಗಿ ಅಭ್ಯಾಸ ತಪ್ಪುವುದಿಲ್ಲ. ಬೆಂಗಳೂರಿನಲ್ಲಿ ಗೌತಮಪುರ, ಆಸ್ಟಿನ್ ಟೌನ್ ಮೈದಾನಗಳಲ್ಲಿ ಆಡಿ ಬೆಳೆದ ಹುಡುಗರಿಗೆ ಗೊತ್ತು, ಒಂದು ಒಳ್ಳೆಯ ಮಳೆ ಬಂದರೆ ನಾಲ್ಕು ದಿನ ಆಟ ಬಂದ್.

ಸಂಜೆ ಊಟದ ಕಥೆ ಜಾಸ್ತಿ ಹೇಳುವುದಿಲ್ಲ. ನಾನು ಸಸ್ಯಾಹಾರಿ. ಇಲ್ಲಿನ ಹೆಮ್ಮೆಯ ತಿಂಡಿ ಗಾಳಿಯಲ್ಲಿ ತಿಂಗಳುಗಟ್ಟಲೆ ಒಣಗಿಸಿದ ಕುರಿಮಾಂಸ. ಅಕ್ಕ ಕಟ್ಟಿಕೊಟ್ಟ ಚಟ್ನಿಪುಡಿ, ಅವಲಕ್ಕಿ ಕಾಪಾಡಿತು. ರಾತ್ರಿ ಹನ್ನೊಂದಾದರೂ ಬೆಳಕು, ಪರದೆ ಎಳೆದು ಮಲಗಬೇಕಾಯಿತು.

ಶನಿವಾರ

ಇವತ್ತು ಎಯ್‌ಸ್ತುರೋಯ್ ದ್ವೀಪ. ತೋರ್ಸ್‌ಹಾವ್ನ್‌ನಿಂದ ಹೊರಟು ಸಮುದ್ರದ ಕೆಳಗಿನ ಸುರಂಗಕ್ಕೆ ಇಳಿದೆವು. 11 ಕಿಲೋಮೀಟರ್ ಉದ್ದ, ಅತಿ ಆಳದಲ್ಲಿ ಸಮುದ್ರ ಮಟ್ಟಕ್ಕಿಂತ 187 ಮೀಟರ್ ಕೆಳಗೆ. ನಡುವೆ ಒಂದು ವೃತ್ತ ಬೇರೆ ಇದೆ, ಸಮುದ್ರದ ಕೆಳಗೆ ಟ್ರಾಫಿಕ್ ಸರ್ಕಲ್! ಸರ್ಕಲ್ಲಿನ ನಡುವೆ ಬಂಡೆಯ ಕಂಬ, ಅದಕ್ಕೆ ನೀಲಿ ಹಸಿರು ದೀಪ, ಸುತ್ತ ಕೈ ಕೈ ಹಿಡಿದ ಮನುಷ್ಯರ ಆಕೃತಿಗಳು. ಭಾವ ಅದನ್ನು ಎರಡು ಸುತ್ತು ಹಾಕಿದರು, ಮೂರನೆಯದಕ್ಕೆ ನಾನು ಬಿಡಲಿಲ್ಲ.

ಇದು ತೆರೆದದ್ದು 2020ರ ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲು ರಾಜಧಾನಿಯಿಂದ ಈ ದ್ವೀಪದ ರೂನಾವೀಕ್ ಊರಿಗೆ ಒಂದು ಗಂಟೆಗೂ ಮೇಲೆ, ಈಗ 16 ನಿಮಿಷ. ಕ್ಲಾಕ್ಸ್‌ವೀಕ್‌ಗೆ ಹೋಗುವ ಸುರಂಗ 2006ರದ್ದು. ಲೀಗಿನ ಬಗ್ಗೆ ಯೋಚಿಸುವವರು ಇದನ್ನು ಗಮನಿಸಬೇಕು. ಇಲ್ಲಿನ ಆಟಗಾರರಲ್ಲಿ ಬಹಳ ಮಂದಿಗೆ ಬೇರೆ ಕೆಲಸ ಇದೆ. ದೋಣಿಗೆ ಕಾಯಬೇಕಿದ್ದ ಕಾಲದಲ್ಲಿ ಹೊರಗಿನ ಪಂದ್ಯ ಅಂದರೆ ಒಂದು ದಿನ ಹೋಯಿತು ಅಂತಲೇ ಲೆಕ್ಕ. ಈಗ ಐದು ಗಂಟೆಗೆ ಆಫೀಸು ಬಿಟ್ಟು ಇನ್ನೊಂದು ದ್ವೀಪದಲ್ಲಿ ಅಭ್ಯಾಸ ಮಾಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ಮಧ್ಯಾಹ್ನ ಬಿ68 ತಂಡದ ಊರು ತೊಫ್ತಿರ್. ಇಲ್ಲಿನ ಸ್ವಂಗಾಸ್ಕಾರ್ ಮೈದಾನ ಊರಿನ ಮೇಲೆ, ಗುಡ್ಡದ ಬಂಡೆ ಸಿಡಿಸಿ ಸಮತಟ್ಟು ಮಾಡಿದ ಜಾಗ. ಆಸ್ಟ್ರಿಯಾ ಪಂದ್ಯದ ನಂತರ ರಾಷ್ಟ್ರೀಯ ತಂಡಕ್ಕೆ ಸ್ವಂತ ನೆಲ ಬೇಕೇ ಬೇಕು ಅನ್ನಿಸಿತಲ್ಲ, ಆಗ ಅಂತರರಾಷ್ಟ್ರೀಯ ಪಂದ್ಯಗಳು ಬಂದದ್ದು ರಾಜಧಾನಿಗಲ್ಲ, ಈ ಹಳ್ಳಿಗೆ. ಸಾವಿರ ಜನವೂ ಇಲ್ಲದ ಊರು. ಬಿ68 ಮೂರು ಸಲ ಲೀಗ್ ಗೆದ್ದಿದೆ, 1984, 1985, 1992.

ಪಂದ್ಯ ನೋಡುವ ರೀತಿ ನನಗೆ ಬಹಳ ಹಿಡಿಸಿತು. ಒಂದಿಷ್ಟು ಜನ ಸ್ಟ್ಯಾಂಡಿನಲ್ಲಿ, ಇನ್ನೊಂದಿಷ್ಟು ಜನ ಅಂಚಿನಲ್ಲಿ ನಿಲ್ಲಿಸಿದ ಕಾರುಗಳ ಒಳಗೆ. ವೈಪರ್ ಆಡ್ತಾ ಇರುತ್ತೆ, ಗಾಜಿನ ಹಿಂದೆ ಥರ್ಮಾಸ್ ಫ್ಲಾಸ್ಕ್ ಹಿಡಿದ ಅಜ್ಜ ಅಜ್ಜಿ. ಗೋಲು ಬಿದ್ದಾಗ ಕೂಗಾಟವಿಲ್ಲ, ಸಾಲಾಗಿ ಹಾರ್ನ್! ನಾವೂ ಮೊದಲ ಅರ್ಧ ಹೊರಗೆ ಧೈರ್ಯವಾಗಿ ನಿಂತು, ಎರಡನೇ ಅರ್ಧಕ್ಕೆ ಕಾರು ಸೇರಿಕೊಂಡೆವು. ಆಟ ಹೇಗಿತ್ತು ಅಂತ ಕೇಳಿದರೆ, ಗಾಳಿಗೆ ಎದುರಾಗಿ ಆಡುವ ಅರ್ಧ ಒಂದು ಆಟ, ಗಾಳಿ ಬೆನ್ನಿಗಿರುವ ಅರ್ಧ ಇನ್ನೊಂದು ಆಟ. ಗಾಳಿಗೆ ಎದುರಾದವರು ಚೆಂಡನ್ನು ಮೇಲೆ ಎತ್ತುವುದೇ ಇಲ್ಲ, ನೆಲದ ಮೇಲೆ ಚಿಕ್ಕ ಚಿಕ್ಕ ಪಾಸ್. ಎತ್ತಿದರೆ ಒದ್ದವರ ಕಡೆಗೇ ವಾಪಸು ಬರುತ್ತದೆ. ನಾನು ಒರಟು ಆಟ, ಉದ್ದ ಒದೆತ ನೋಡೋಕೆ ಸಿದ್ಧನಾಗಿ ಹೋಗಿದ್ದೆ. ಇಲ್ಲಿ ಚೆಂಡು ಹಿಡಿದು ಆಡುವವರೇ ಜಾಸ್ತಿ.

ಪಕ್ಕದ ಕಾರಿನ ಹಿರಿಯರನ್ನು ಭಾವ ಮಾತಾಡಿಸಿದರು. ಆಟಗಾರರಲ್ಲಿ ಯಾರ್ಯಾರು ಏನೇನು ಕೆಲಸ ಮಾಡ್ತಾರೆ ಅಂತ ಕೇಳಿದ್ದೇ ತಡ, ಅವರ ಮುಖ ಸ್ವಲ್ಪ ಗಂಟಾಯಿತು. "ಬರೋರೆಲ್ಲ ಇದನ್ನೇ ಕೇಳ್ತಾರೆ. ಎಡಗಡೆ ಆಡೋ ಹುಡುಗ ಹೇಗೆ ಆಡ್ತಾನೆ ಅಂತ ಯಾರೂ ಕೇಳಲ್ಲ" ಅಂದರು. ಭಾವ ತಕ್ಷಣ ಎಡಗಡೆಯ ಹುಡುಗನ ಬಗ್ಗೆ ಕೇಳಿದರು. ಆಮೇಲೆ ಇಪ್ಪತ್ತು ನಿಮಿಷ ನಮ್ಮನ್ನು ಬಿಡಲಿಲ್ಲ, ಕಾಫಿಯನ್ನೂ ಕೊಟ್ಟರು.

ಸಂಜೆ ಐಯಿ ಊರಿಗೆ ಹೋಗಿ ಹಳೆಯ ಮೈದಾನ ನೋಡಿದೆವು, ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಕೆರೆ. ಪ್ರಪಂಚದ ಚಂದದ ಮೈದಾನ ಅಂತ ಫೋಟೋ ಓಡಾಡುತ್ತದಲ್ಲ, ಅದೇ. ಈಗ ಅಲ್ಲಿ ಫುಟ್‌ಬಾಲ್ ಇಲ್ಲ, ಕ್ಯಾಂಪಿಂಗ್ ಜಾಗ. ಕೃತಕ ಹುಲ್ಲಿನ ಮೇಲೆ ಕ್ಯಾರವಾನ್‌ಗಳು ನಿಂತಿವೆ. ಊರಿನ ತಂಡ 1993ರಲ್ಲೇ ಪಕ್ಕದವರ ಜೊತೆ ಸೇರಿ ಇಬಿ/ಸ್ಟ್ರೇಯ್ಮುರ್ ಆಯಿತು, 2008 ಮತ್ತು 2012ರಲ್ಲಿ ಲೀಗ್ ಗೆದ್ದಿತು.

ಭಾನುವಾರ

ಕ್ಲಾಕ್ಸ್‌ವೀಕ್. ಐದು ಸಾವಿರ ಚಿಲ್ಲರೆ ಜನ, ಎರಡು ಕಡೆ ಗುಡ್ಡ, ನಡುವೆ ಬಂದರು. ಬೀದಿಯಲ್ಲಿ ನೀಲಿ ಬಿಳಿ ಬಾವುಟಗಳು. ಫೆರೋ ಫುಟ್‌ಬಾಲಿನ ಈಚಿನ ಕಥೆ ಅಂದರೆ ಈ ಊರಿನ ಕಥೆಯೇ.

2019ರಲ್ಲಿ ಕೆಐ ಚಾಂಪಿಯನ್ ಆಯಿತು, ಇಪ್ಪತ್ತು ವರ್ಷದ ಮೇಲೆ. ಆಮೇಲೆ 2021, 2022, 2023 ಸತತ ಮೂರು. 2023ರಲ್ಲಿ ನಾರ್ವೆಯ ಮಾಗ್ನೆ ಹೋಸೆತ್ ಕೋಚ್. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿನಲ್ಲಿ ಹಂಗೇರಿಯ ಫೆರೆನ್‌ತ್ಸ್‌ವಾರೋಷ್ ಎದುರಾಯಿತು. ಇಲ್ಲಿ 0-0, ಬುಡಾಪೆಸ್ಟ್‌ನಲ್ಲಿ ಕೆಐಗೆ 3-0 ಗೆಲುವು! ಅಲ್ಲಿನ ಜನ ತಮ್ಮ ತಂಡವನ್ನೇ ನಂಬಲಿಲ್ಲ. ಮುಂದಿನ ಸುತ್ತಿನಲ್ಲಿ ಸ್ವೀಡನ್ ಚಾಂಪಿಯನ್ ಹೆಕೆನ್, ಅದನ್ನು ಪೆನಾಲ್ಟಿಯಲ್ಲಿ ಹೊರಗೆ ಹಾಕಿದರು. ನಾರ್ವೆಯ ಮೋಲ್ದೆ ವಿರುದ್ಧ ಮೊದಲ ಪಂದ್ಯ 2-1 ಗೆದ್ದು, ಎರಡನೆಯದರಲ್ಲಿ ಹೆಚ್ಚುವರಿ ಸಮಯದಲ್ಲಿ ಸೋತರು. ಆದರೂ ಯುರೋಪಿನ ಮೂರನೇ ಹಂತದ ಟೂರ್ನಿ ಕಾನ್ಫರೆನ್ಸ್ ಲೀಗ್‌ನ ಗುಂಪು ಹಂತ ಸಿಕ್ಕಿತು. ಯುರೋಪಿನ ಕ್ಲಬ್ ಟೂರ್ನಿಯ ಗುಂಪು ಹಂತಕ್ಕೆ ಹೋದ ಮೊದಲ ಫೆರೋ ತಂಡ. ಅಲ್ಲಿ ಫ್ರಾನ್ಸಿನ ಲಿಲ್ ಜೊತೆ ಡ್ರಾ, ಸ್ಲೊವೇನಿಯಾದ ಒಲಿಂಪಿಯಾ ಮೇಲೆ 3-0 ಗೆಲುವು. ಆ ಪಂದ್ಯಗಳು ಇಲ್ಲಿ ನಡೆಯಲಿಲ್ಲ, ಊರಿನ ಮೈದಾನ ಆ ಹಂತಕ್ಕೆ ಸಾಲದು, ರಾಜಧಾನಿಯ ತೋರ್ಸ್‌ವೊಲ್ಲುರ್‌ಗೆ ಹೋಗಬೇಕಾಯಿತು.

ಭಾವ ಇಡೀ ಬೆಳಿಗ್ಗೆ ಹಣದ ಲೆಕ್ಕ ಹಿಡಿದು ಕೂತಿದ್ದರು. ಆಗ ಗುಂಪು ಹಂತಕ್ಕೆ ಬಂದ ಪ್ರತಿ ತಂಡಕ್ಕೂ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಕೊಡುತ್ತಿದ್ದ ಮೂಲ ಮೊತ್ತವೇ 29.4 ಲಕ್ಷ ಯುರೋ. ಗೆದ್ದರೆ, ಡ್ರಾ ಆದರೆ ಮೇಲೆ ಬೇರೆ. "ಐದು ಸಾವಿರ ಜನದ ಊರಿಗೆ ಇಷ್ಟು ದುಡ್ಡು ಬಂದ ಮೇಲೆ ಲೀಗ್ ಎಲ್ಲಿ ಉಳೀತೋ? ಇನ್ನು ಹತ್ತು ವರ್ಷ ಇವರೇ" ಅಂದರು. ನಾನು ಒಪ್ಪಲಿಲ್ಲ. ಮರುವರ್ಷ, 2024ರಲ್ಲಿ, ಗೆದ್ದದ್ದು ಗೋತಾ ಊರಿನ ವೀಕಿಂಗುರ್, ಅಲ್ವಾ? "ಅದು ಒಂದು ವರ್ಷ ಕಣೋ" ಅಂದರು. ಸಣ್ಣ ದೇಶಗಳ ಲೀಗುಗಳಿಗೆ ಈ ಕಾಯಿಲೆ ಇದೆ, ಸುಳ್ಳಲ್ಲ. ಒಂದು ತಂಡಕ್ಕೆ ಯುರೋಪಿನ ದುಡ್ಡು ಬಂತು, ಅದರಿಂದ ಒಳ್ಳೆ ಆಟಗಾರರು ಬಂದರು, ಅವರಿಂದ ಮತ್ತೆ ಲೀಗ್, ಮತ್ತೆ ಯುರೋಪ್. ಹೊರಗಿನಿಂದ ನೋಡುವವರಿಗೆ ಚಂದದ ಕಥೆ, ಒಂಬತ್ತನೇ ಸ್ಥಾನದಲ್ಲಿರುವ ತಂಡಕ್ಕೆ ಅಷ್ಟು ಚಂದ ಕಾಣಲಿಕ್ಕಿಲ್ಲ.

ಪಂದ್ಯ ಜ್ಯೂಪುಮೀರಾ ಮೈದಾನದಲ್ಲಿ. ಸುತ್ತ ಮನೆಗಳು. ಟಿಕೆಟ್ ಕೊಡುವ ಹುಡುಗಿ ಮಧ್ಯಂತರದಲ್ಲಿ ಕಾಫಿ ಕೌಂಟರಿನಲ್ಲೂ ನಿಂತಿದ್ದಳು. ಸಾಸೇಜ್ ವಾಸನೆ ಎಲ್ಲ ಕಡೆ. ನನಗೆ ಕೇಕು, ಅದೂ ಚೆನ್ನಾಗಿತ್ತು. ಕೆಐ ಗೆದ್ದಿತು, ಆಶ್ಚರ್ಯವೇನಿಲ್ಲ. ನಿಜ ಹೇಳಬೇಕೆಂದರೆ ಆಟದ ಕಾವು ಮೊದಲ ಅರ್ಧದಲ್ಲೇ ಇಳಿದು ಹೋಯಿತು, ಎದುರಾಳಿ ತಂಡ ಹಿಂದೆ ಸರಿದು ಎಷ್ಟು ಕಮ್ಮಿ ಅಂತರದಲ್ಲಿ ಸೋಲಬಹುದು ಅಂತ ನೋಡುತ್ತಿತ್ತು. ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು, ನೋಡಿದೆಯಾ ಅನ್ನುವ ಹಾಗೆ.

ಆದರೆ ಪಂದ್ಯ ಮುಗಿದ ಮೇಲಿನದ್ದು ಮರೆಯುವುದಿಲ್ಲ. ಬೇಲಿ ಇಲ್ಲ, ಪೊಲೀಸ್ ಇಲ್ಲ. ಮಕ್ಕಳು ಸೀದಾ ಮೈದಾನಕ್ಕೆ ನುಗ್ಗಿ ಒಂದು ಗೋಲನ್ನು ಆಕ್ರಮಿಸಿಕೊಂಡರು. ಆಗಷ್ಟೇ ತೊಂಬತ್ತು ನಿಮಿಷ ಓಡಿದ ಡಿಫೆಂಡರ್ ಒಬ್ಬ, ಬರಿಗಾಲಲ್ಲಿ, ಸಾಕ್ಸ್ ಹೆಗಲ ಮೇಲೆ ಹಾಕಿಕೊಂಡು, ಅವರ ಗೋಲ್‌ಕೀಪರ್ ಆಗಿ ನಿಂತ. ಒಬ್ಬ ಹುಡುಗನ ಹೊಡೆತವನ್ನು ಬೇಕಂತಲೇ ಬಿಟ್ಟ, ಇನ್ನೊಬ್ಬನದನ್ನು ಬಿಡಲಿಲ್ಲ. ಆ ಇನ್ನೊಬ್ಬ ಅವನ ತಮ್ಮ ಇರಬೇಕು, ಅಷ್ಟು ಜಗಳ ಆಯಿತು.

ಸೋಮವಾರ

ಸ್ಮೀರಿಲ್ ಹಡಗಿನಲ್ಲಿ ದಕ್ಷಿಣದ ಸುದುರೋಯ್ ದ್ವೀಪಕ್ಕೆ, ಎರಡು ಗಂಟೆ. ಇಲ್ಲಿಗೆ ಇನ್ನೂ ಸುರಂಗ ಬಂದಿಲ್ಲ. ತ್ವೆರೋಯ್ರಿ ಊರಿನ ಟಿಬಿ ತಂಡ 1892ರದ್ದು, ಇಡೀ ಫೆರೋದಲ್ಲಿ ಹಳೆಯದು, ಏಳು ಸಲ ಲೀಗ್ ಗೆದ್ದಿದೆ, ಕೊನೆಯದು 1987ರಲ್ಲಿ. ಆಮೇಲೆ ಮೇಲೆ ಹತ್ತುವುದು ಕೆಳಗೆ ಇಳಿಯುವುದು ನಡೆದೇ ಇದೆ.

ಸುರಂಗ ಏನು ಮಾಡುತ್ತದೆ ಅಂತ ಇಲ್ಲಿ ಬಂದ ಮೇಲೆ ತಲೆಗೆ ಹೊಕ್ಕಿತು. ಇಲ್ಲಿನ ತಂಡಕ್ಕೆ ಹೊರಗಿನ ಪಂದ್ಯ ಅಂದರೆ ಇವತ್ತಿಗೂ ಹಡಗಿನ ವೇಳಾಪಟ್ಟಿ. ಒಳ್ಳೆ ಆಡುವ ಹುಡುಗ ಓದಲು, ಕೆಲಸಕ್ಕೆ ರಾಜಧಾನಿಗೆ ಹೋದರೆ ವಾರಕ್ಕೆ ಎರಡು ಸಲ ಅಭ್ಯಾಸಕ್ಕೆ ಬರೋದು ಎಲ್ಲಿಂದ? 2017ರಲ್ಲಿ ದ್ವೀಪದ ತಂಡಗಳು ಸೇರಿ ಒಂದೇ ತಂಡ ಮಾಡಿದವು. ಯಾರೂ ತಮ್ಮ ಹೆಸರು ಬಿಡಲು ಒಪ್ಪದೆ ತಂಡದ ಹೆಸರು ಟಿಬಿ/ಎಫ್‌ಸಿ ಸುದುರೋಯ್/ರೋಯ್ನ್ ಅಂತಲೇ ಆಯಿತು. ಎರಡು ಸೀಸನ್ ಆಡಿ ಮತ್ತೆ ಬೇರೆ ಬೇರೆ. ಒಂದು ಪುಟ್ಟ ದ್ವೀಪದಲ್ಲೂ ಪಕ್ಕದ ಊರಿನವರ ಜೊತೆ ಅಂಗಿ ಹಂಚಿಕೊಳ್ಳೋದು ಕಷ್ಟ. ನಮ್ಮ ಕಡೆ ಎರಡು ಊರಿನ ಜಾತ್ರೆ ಸೇರಿಸೋಣ ಅಂದರೆ ಒಪ್ಪುತ್ತಾರಾ?

ವಾಪಸು ಬರುವಾಗ ಸಮುದ್ರ ಚೆನ್ನಾಗಿ ಎತ್ತಿ ಹಾಕಿತು. ಅವಲಕ್ಕಿ ತಿನ್ನಲಿಲ್ಲ.

ಮಂಗಳವಾರ

ಮಂಜು. ವಿಮಾನ ತಡ ಅಂದರು, ಆಮೇಲೆ ಇನ್ನೂ ತಡ ಅಂದರು. ಇಲ್ಲಿ ಇದು ಮಾಮೂಲು, ವಾಪಸು ಟಿಕೆಟ್ ಮಾಡಿಸುವಾಗ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಕೂತು ಏನು ಮಾಡೋದು ಅಂತ ಸೋರ್ವಾಗುರ್ ಊರಿಗೆ ಇಳಿದೆವು. ಕಡಲ ಅಂಚಿನಲ್ಲೇ 07 ವೆಸ್ತುರ್ ತಂಡದ ಮೈದಾನ, ಗೇಟು ತೆರೆದೇ ಇತ್ತು. ಮೂವರು ಹುಡುಗರು ಆಡುತ್ತಿದ್ದರು, ನಮ್ಮನ್ನು ನೋಡಿ ಎಲ್ಲಿಂದ ಅಂದರು. ಇಂಡಿಯಾ ಅಂದೆ. ನಿಮ್ಮಲ್ಲಿ ಒಳ್ಳೆ ಆಟಗಾರ ಯಾರು? ಸುನಿಲ್ ಛೆಟ್ರಿ, ದೇಶಕ್ಕೆ 95 ಗೋಲು, ನಮ್ಮ ಬೆಂಗಳೂರು ತಂಡದವರು ಅಂದೆ, ಸ್ವಲ್ಪ ಎದೆ ಉಬ್ಬಿಸಿಯೇ. ಒಬ್ಬ ಫೋನ್ ತೆಗೆದು ಹುಡುಕಿದ, ಮೂವರೂ ತಲೆ ಸೇರಿಸಿ ನೋಡಿದರು. "ಮತ್ತೆ ವಿಶ್ವಕಪ್ ಆಡಿದ್ದೀರಾ?" ಇಲ್ಲ ಅಂದೆ. "ನಾವೂ ಇಲ್ಲ" ಅಂತ ಚೆಂಡು ನನ್ನ ಕಡೆ ತಳ್ಳಿದರು.

ಸಮಾಧಾನಕ್ಕೆ ಹೇಳಿದ್ದೇನೋ ಸರಿ, ಆದರೆ ಲೆಕ್ಕ ಬೇರೆ ಇದೆ. ನಾವು ಬಂದ ಮೇಲೆ, 2025ರ ಅಕ್ಟೋಬರ್‌ನಲ್ಲಿ, ಫೆರೋ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಮಾಂಟೆನೆಗ್ರೋವನ್ನು 4-0, ಮೂರು ದಿನ ಬಿಟ್ಟು ಚೆಕ್ ಗಣರಾಜ್ಯವನ್ನು 2-1 ಸೋಲಿಸಿತು. ಗುಂಪಿನಲ್ಲಿ 12 ಅಂಕ. ವಿಶ್ವಕಪ್ ಸಿಗಲಿಲ್ಲ, ಆದರೆ ಕೊನೆಯ ತನಕ ಲೆಕ್ಕದಲ್ಲಿದ್ದರು. ಪತ್ರಿಕೆಗಳು ಮತ್ತೆ ಬಡಗಿ, ಮೇಷ್ಟ್ರು ಶುರು ಮಾಡಿದವು. ತೊಫ್ತಿರ್‌ನ ಆ ಹಿರಿಯರು ಕಾರಿನಲ್ಲಿ ಕೂತು ಬೈದಿರುತ್ತಾರೆ.

ಲೀಗ್ ಕೂಡ ಅದೇ ತಿಂಗಳು ಮುಗಿಯಿತು. ಕೆಐ ಮತ್ತೆ ಚಾಂಪಿಯನ್. ಭಾವ ಮೆಸೇಜ್ ಹಾಕಿದರು, "ಹೇಳಿರಲಿಲ್ವಾ?" ನಾನು 2024 ಅಂತ ಅಷ್ಟೇ ಬರೆದೆ. ಅವರು ನಗುವ ಚಿತ್ರ ಕಳಿಸಿ, ಮಾರ್ಚ್‌ನಲ್ಲಿ ಹೊಸ ಸೀಸನ್ ಶುರುವಾಗಲಿ, ಒಂದು ಬಿಸಿಬೇಳೆಬಾತ್ ಊಟ ಪಂದ್ಯ ಕಟ್ಟೋಣ ಅಂದರು. ನಾನು ವೀಕಿಂಗುರ್ ಮೇಲೆ ಕಟ್ಟಿದ್ದೇನೆ.